ಮಂಗಳೂರಿನ ಕೇರಿಗಳು ಸಮುದಾಯಕ್ಕೊಂದರಂತೆ ಬೆಳೆದದ್ದು ಹೇಗೆ?

ಉದ್ಯೋಗದ ನಿಮಿತ್ತ ಮಂಗಳೂರಿಗೆ ಹೊಸದಾಗಿ ಬಂದಿರುವ ತಾವು, ರಥಬೀದಿಯಲ್ಲಿ ಕೊಂಕಣಿಗರು, ಬಂದರಿನಲ್ಲಿ ಬ್ಯಾರಿ ಮುಸ್ಲಿಮರು, ಜೆಪ್ಪುವಿನಲ್ಲಿ ಕ್ರೈಸ್ತರು, ಕುದ್ರೋಳಿಯಲ್ಲಿ ಬಿಲ್ಲವರು ಎಂಬಂತೆ ಜನ ನೆಲೆಸಿದ್ದು ಯಾರಾದರೂ ಪಾಲು ಹಂಚಿದ್ದರಿಂದಲೇ, ಈಗಲೂ ಹಾಗೆಯೇ ಇದೆಯೇ ಎಂದು ಕೇಳಿದ್ದೀರಿ. ಇಲ್ಲಿಯೇ ಹುಟ್ಟಿ ಬೆಳೆದ ನನ್ನ ತಿಳಿವಳಿಕೆಯಂತೆ ಯಾರೂ ಕುಳಿತು ಪಾಲು ಹಂಚಲಿಲ್ಲ. ದುಡಿಮೆ ಸಿಕ್ಕಿದಲ್ಲಿ ಬಿಡಾರ ಬಂತು, ಬಿಡಾರದ ಪಕ್ಕ ಗುಡಿಯೋ ಮಸೀದಿಯೋ ಇಗರ್ಜಿಯೋ (ಚರ್ಚೋ) ಎದ್ದಿತು. ಇದರ ಜೊತೆಗೆ, ಯಾರಿಗೆ ಯಾವ ಬಾಗಿಲು ಮುಚ್ಚಿತ್ತು ಎಂಬುದನ್ನೂ ಗಮನಿಸದಿದ್ದರೆ ಚಿತ್ರ ಅರ್ಧವೇ ಆಗುತ್ತದೆ.

ಎಲ್ಲಕ್ಕಿಂತ ಹಳೆಯದು ಬಂದರು. ನೇತ್ರಾವತಿಯೂ ಗುರುಪುರ ನದಿಯೂ ಸಮುದ್ರ ಸೇರುವ ಅಳಿವೆಯ ಒಳಬದಿಯಲ್ಲಿ ಹಡಗು ನಿಲ್ಲುತ್ತಿದ್ದುದರಿಂದ ಅರಬ್ ವ್ಯಾಪಾರಿಗಳ ಸಂಪರ್ಕ ಇಲ್ಲಿ ಬಹಳ ಹಿಂದಿನದು. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕನು ವರ್ಷಗಟ್ಟಲೆ ಇಲ್ಲಿ ನೆಲೆಸಿ ವ್ಯವಹಾರ ನಡೆಸಿದ್ದನೆಂಬುದು ಕೈರೋದಲ್ಲಿ ಸಿಕ್ಕಿದ ಪತ್ರಗಳಿಂದ ತಿಳಿಯುತ್ತದೆ. ಬಂದರಿನ ಝೀನತ್ ಬಕ್ಷ್ ಮಸೀದಿಯು ಇಸ್ಲಾಮನ್ನು ಈ ಕರಾವಳಿಗೆ ತಂದರೆನ್ನಲಾದ ಮಾಲಿಕ್ ದೀನಾರರ ಸಂಗಡಿಗರ ಕಾಲದ್ದೆಂಬ ಪ್ರತೀತಿಯಿದೆ. ಅದರ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ಅವಕಾಶವಾದರೆ ನೋಡಿ. ಅಲ್ಲಿಂದ ಕೂಗಳತೆಯ ದೂರದಲ್ಲಿಯೇ ರಥಬೀದಿ. ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆಯ ಕಾರಣದಿಂದ ದಕ್ಷಿಣಕ್ಕೆ ಬಂದ, ಕೊಂಕಣಿ ಮಾತನಾಡುವ ಗೌಡ ಸಾರಸ್ವತ ಬ್ರಾಹ್ಮಣರು ವೆಂಕಟರಮಣ ದೇವಸ್ಥಾನದ ಸುತ್ತ ಅಂಗಡಿ, ಮನೆ ಎರಡನ್ನೂ ಕಟ್ಟಿಕೊಂಡರು. ದಕ್ಕೆಯಲ್ಲಿ (ಹಡಗುಕಟ್ಟೆಯಲ್ಲಿ) ಇಳಿದ ಸರಕು ಅವರ ಮಂಡಿಗೆ (ಸಗಟು ಅಂಗಡಿಗೆ) ಬರಬೇಕಾಗಿತ್ತು, ಅವರ ಸರಕು ದಕ್ಕೆಗೆ ಹೋಗಬೇಕಾಗಿತ್ತು. ಈ ಎರಡು ಕೇರಿಗಳು ಅಕ್ಕಪಕ್ಕದಲ್ಲಿರುವುದು ಆಕಸ್ಮಿಕವಲ್ಲ.

ನನ್ನ ದೃಷ್ಟಿಯಲ್ಲಿ ಹೆಚ್ಚು ಕುತೂಹಲದ ಕಥೆ ಬಲ್ಮಠ ಮತ್ತು ಜೆಪ್ಪುವಿನದು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಬಂದರು. ಅವರಿಂದ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಮತಾಂತರವಾದವರು ಮೂರ್ತೆ ಕೆಲಸವನ್ನು, ಅಂದರೆ ಕಳ್ಳು ಇಳಿಸುವ ಕುಲಕಸುಬನ್ನು, ಬಿಡಬೇಕೆಂಬುದು ಮಿಷನ್ನಿನ ಕಟ್ಟುಪಾಡಾಗಿತ್ತು. ಇತ್ತ ಕುಟುಂಬ, ಜಾತಿ, ಗೇಣಿಯ ಭೂಮಿ ಮೂರೂ ಕೈತಪ್ಪುವುದುಂಟು. ಹಾಗಾಗಿ ಮಿಷನ್ನು ಅವರಿಗೆ ಪ್ರಾರ್ಥನೆಯ ಜೊತೆಗೆ ಅನ್ನದ ದಾರಿಯನ್ನೂ ತೋರಿಸಬೇಕಾಯಿತು. 1841ರಲ್ಲಿ ಮುದ್ರಣಾಲಯ, ಬಲ್ಮಠದಲ್ಲಿ ನೇಯ್ಗೆಯ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೀಗೆ ಬಂದವು. ಹಂಚಿಗೆ ಬೇಕಾದ ಆವೆಮಣ್ಣು ನದಿಯ ದಂಡೆಯಲ್ಲಿತ್ತು, ದೋಣಿಯಲ್ಲಿ ತರುವುದೂ ಸುಲಭ, ಸುಟ್ಟ ಹಂಚನ್ನು ಹಡಗಿಗೆ ಏರಿಸುವುದೂ ಸುಲಭ. ನದಿಯಂಚಿನ ಜೆಪ್ಪು ಮತ್ತು ಹೊಯಿಗೆಬಜಾರು ಹಂಚಿನ ನೆಲೆಯಾದದ್ದು ಇದರಿಂದ. ಹಳೆಯ ಮನೆ ಕೆಡವುತ್ತಿರುವಲ್ಲಿ ಒಂದು ಹಂಚನ್ನು ಮಗುಚಿ ನೋಡಿದರೆ, ಮಾಡಿನ ರೀಪಿಗೆ (ಮರದ ಪಟ್ಟಿಗೆ) ಸಿಕ್ಕಿಸುವ ಉಬ್ಬುಗಳ ನಡುವೆ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಉಬ್ಬಕ್ಷರಗಳಲ್ಲಿ ಕಾಣಸಿಗುವುದುಂಟು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸರಕಾರ ಈ ಉದ್ಯಮವನ್ನು ವಶಪಡಿಸಿಕೊಂಡು ಮುಂದೆ ಕಾಮನ್‌ವೆಲ್ತ್ ಟ್ರಸ್ಟಿಗೆ ವಹಿಸಿತು. ಅಂದಹಾಗೆ, ಜೆಪ್ಪುವಿನ ಕ್ರೈಸ್ತರೆಲ್ಲರೂ ಬಾಸೆಲ್ ಮಿಷನ್ನಿನವರೆಂದು ಭಾವಿಸಬೇಡಿ. ಕೊಂಕಣಿ ಮಾತನಾಡುವ ಕಥೊಲಿಕರ ಇತಿಹಾಸವೇ ಬೇರೆ: ಅವರ ರೊಸಾರಿಯೊ ಇಗರ್ಜಿ 1568ರದು, 1784ರಲ್ಲಿ ಟಿಪ್ಪುವು ಅವರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು, ಟಿಪ್ಪು ಮಡಿದ 1799ರ ಬಳಿಕ ಉಳಿದವರು ಮರಳಿದರು. 1878ರ ಕೊನೆಯಲ್ಲಿ ಬಂದ ಯೇಸು ಸಭೆಯ (ಜೆಸ್ವಿಟ್) ಪಾದ್ರಿಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಅದೇ ವರ್ಷ ಫಾದರ್ ಮುಲ್ಲರ್ ಅವರ ಹೋಮಿಯೋಪತಿ ಔಷಧಾಲಯ ಕಂಕನಾಡಿಯಲ್ಲಿ ಆರಂಭವಾಯಿತು.

ಜೆಪ್ಪು ಮತ್ತು ಕುದ್ರೋಳಿಯನ್ನು ಒಟ್ಟಿಗೆ ಓದಬೇಕೆಂಬುದು ನನ್ನ ಅಭಿಪ್ರಾಯ. ದೇವಸ್ಥಾನಗಳ ಒಳಗೆ ಬಿಲ್ಲವರಿಗೆ ಪ್ರವೇಶವಿಲ್ಲದ ಕಾಲವದು. ಕೆಲವರು ಮಿಷನ್ನಿನ ದಾರಿ ಹಿಡಿದರು. ಮತ್ತೆ ಕೆಲವರು ಹೊಯಿಗೆಬಜಾರಿನ ಕೊರಗಪ್ಪನವರ ಮುಂದಾಳುತನದಲ್ಲಿ ಕೇರಳದ ಸಮಾಜ ಸುಧಾರಕ ನಾರಾಯಣ ಗುರುಗಳನ್ನು ಕರೆಸಿ, 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ (ಶಿವನ) ಪ್ರತಿಷ್ಠೆ ಮಾಡಿಸಿದರು. ಒಂದೇ ಅವಮಾನಕ್ಕೆ ದೊರೆತ ಎರಡು ಉತ್ತರಗಳು ಊರಿನ ಎರಡು ದಿಕ್ಕುಗಳಲ್ಲಿ ನಿಂತಿವೆ. ಮೂರನೆಯದೂ ಒಂದಿದೆ, ಅದನ್ನು ಹೆಚ್ಚಿನವರು ಮರೆಯುತ್ತಾರೆ. ಸಾರಸ್ವತ ಬ್ರಾಹ್ಮಣ ವಕೀಲರಾಗಿದ್ದ ಕುದ್ಮುಲ್ ರಂಗರಾಯರು ಸ್ವಜಾತಿಯವರ ಬಹಿಷ್ಕಾರ ಸಹಿಸಿಕೊಂಡು, ದಲಿತರಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ, ಮನೆ ಕಟ್ಟಿಕೊಳ್ಳಲು ನಿವೇಶನಗಳನ್ನೂ ಒದಗಿಸಿದರು. ದುಡಿಮೆಯ ಬೆನ್ನು ಹಿಡಿದು ತಾನಾಗಿ ಬೆಳೆಯದೆ, ಒಬ್ಬರು ಪಟ್ಟು ಹಿಡಿದು ನೆಲ ಕೊಡಿಸಿದ್ದರಿಂದ ಉಂಟಾದ ಕೇರಿಗಳು ಅವು.

ಈಗಲೂ ಹಾಗೆಯೇ ಇದೆಯೇ ಎಂಬ ಪ್ರಶ್ನೆಗೆ ಉತ್ತರ: ಗುಡಿ, ಮಸೀದಿ, ಇಗರ್ಜಿಗಳ ಮಟ್ಟಿಗೆ ಹೌದು, ಮನೆಗಳ ಮಟ್ಟಿಗೆ ಅಲ್ಲ. 1974ರಲ್ಲಿ ಪಣಂಬೂರಿನಲ್ಲಿ ನವ ಮಂಗಳೂರು ಬಂದರು ಆರಂಭವಾದ ಮೇಲೆ ದೊಡ್ಡ ಹಡಗುಗಳು ಆ ಕಡೆ ಸರಿದವು. ಹಳೆ ಬಂದರಿನಲ್ಲಿ ಮೀನುಗಾರಿಕೆಯ ದಕ್ಕೆ, ಸಗಟು ಅಂಗಡಿಗಳು, ಲಕ್ಷದ್ವೀಪಕ್ಕೆ ಸಾಮಾನು ಸಾಗಿಸುವ ಹಡಗುಗಳು ಉಳಿದಿವೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಇಂದು ಜೆಪ್ಪುವಿನ ಒಂದು ಫ್ಲ್ಯಾಟಿನ ಮೆಟ್ಟಿಲಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ನಾಲ್ಕೂ ಕೇಳಿಸುವುದು ಸಾಮಾನ್ಯ. ಹಳೆಯ ಹಂಚಿಕೆಯನ್ನು ಕಣ್ಣಾರೆ ನೋಡಬೇಕೆಂದಿದ್ದರೆ ಮಾಘ ಮಾಸದ ರಥಸಪ್ತಮಿಯಂದು ರಥಬೀದಿಯ ತೇರಿಗೆ ಬನ್ನಿ. ಬೇರೆ ಊರುಗಳಿಗೆ ಮನೆ ಬದಲಾಯಿಸಿದ ಕೊಂಕಣಿ ಕುಟುಂಬಗಳು ಅಂದು ಮರಳಿ ಸೇರುತ್ತವೆ.