ಹಳೆ ಕೀಬೋರ್ಡ್ ಎಸೆಯೋ ಮುಂಚೆ ಸ್ವಿಚ್ ನೋಡಿ

ಸರ್, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಗುಜರಿಯಲ್ಲಿ ಸಿಕ್ಕ ಟಿವಿಎಸ್ ಗೋಲ್ಡ್ ಕೀಬೋರ್ಡಿನಲ್ಲಿ ನಾಲ್ಕೈದು ಕೀ ಕೆಲಸ ಮಾಡ್ತಿಲ್ಲ, ಕೆಟ್ಟಿರೋದು ಸ್ವಿಚ್ಚಾ ಬೋರ್ಡಾ ಅಂತ ಕೇಳಿದ್ದೀರಿ ಅಲ್ವಾ? ಸುಮ್ನೆ ಎಸೆಯಬೇಡಿ. ಅದರಲ್ಲಿರೋದು ಚೆರ್ರಿ ಎಂಎಕ್ಸ್ ಬ್ಲೂ ಅನ್ನೋ, ಒತ್ತಿದರೆ ಟಿಕ್ ಅನ್ನುವ ಸ್ವಿಚ್, ಗಟ್ಟಿ ಮಾಲು. ಕೇಬಲ್ ಕಿತ್ತು, ಕವಚ ಬಿಚ್ಚಿ, ಮಲ್ಟಿಮೀಟರನ್ನು ಬೀಪ್‌ಗೆ (ಸಂಪರ್ಕ ಕೂಡಿದರೆ ಕೂಗುವ ಕಂಟಿನ್ಯೂಟಿ ಮೋಡ್‌ಗೆ) ಇಟ್ಟು, ಸ್ವಿಚ್ಚಿನ ಎರಡೂ ಕಾಲಿಗೆ ಮುಟ್ಟಿಸಿ ಕೀಯನ್ನು ನಿಧಾನಕ್ಕೆ ಒತ್ತಿ. ಒಟ್ಟು 4 ಮಿ.ಮೀ. ಇಳಿಯುವ ಕೀ ಸುಮಾರು 2.2 ಮಿ.ಮೀ. ಇಳಿದಾಗಲೇ ಮೀಟರ್ ಕೂಗಬೇಕು. ಟಿಕ್ ಅಂದರೂ ಬೀಪ್ ಬರದಿದ್ದರೆ ಹೆಚ್ಚಾಗಿ ಒಳಗೆ ನಮ್ಮೂರ ಧೂಳು ಕೂತಿರುತ್ತದೆ. ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ಜಾಸ್ತಿ ಸಲ ಒತ್ತಿ, ಪೂರ್ತಿ ಒಣಗಲಿ. ಬೀಪ್ ಬಂದೂ ಅಕ್ಷರ ಮೂಡದಿದ್ದರೆ ಬೋರ್ಡಿನ ಬೆಸುಗೆ ನೋಡಿ. ನಿಮ್ಮದು ಪಿಎಸ್/2 (ಹಳೆ ದುಂಡನೆಯ) ಪಿನ್ನಿನದಾದರೆ ಕಂಪ್ಯೂಟರ್ ಆಫ್ ಮಾಡಿಯೇ ಸಿಕ್ಕಿಸಿ.