ಹಡಗಿನ ಇಂಗ್ಲಿಷ್ ಬಾಯಿಗೆ ಬರುತ್ತಿಲ್ಲ

ಪ್ರಶ್ನೆ: ನಾನು ಮದ್ದೂರಿನ ಕಡೆಯವನು, ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ನಾಟಿಕಲ್ ಸೈನ್ಸ್ (ಹಡಗು ನಡೆಸುವ ವಿದ್ಯೆ) ಮೊದಲ ವರ್ಷ. ಹಡಗಿನ ಪದಗಳನ್ನು ಉರು ಹೊಡೆದರೂ ಹಡಗು ನಡೆಸುವ ಅಭ್ಯಾಸದ ಸಿಮ್ಯುಲೇಟರ್ ಮುಂದೆ ಒಂದೂ ನೆನಪಾಗುವುದಿಲ್ಲ. ಏನು ಮಾಡಲಿ ಸರ್?
– ಓದುಗ, ಮಂಡ್ಯ

ಉತ್ತರ: ಪದಪಟ್ಟಿ ಉರು ಹೊಡೆಯುವುದನ್ನು ಇವತ್ತೇ ಬಿಡಪ್ಪ. ಹಡಗಿನಲ್ಲಿ ಪದ ಒಂಟಿಯಾಗಿ ಬರುವುದಿಲ್ಲ, ಆಜ್ಞೆಯೊಳಗೆ ಬರುತ್ತದೆ. ಅಧಿಕಾರಿ ‘ಸ್ಟಾರ್‌ಬೋರ್ಡ್ ಟೆನ್’ ಎಂದರೆ ಚುಕ್ಕಾಣಿ ಹಿಡಿದವನು ಅದನ್ನೇ ತಿರುಗಿ ಹೇಳಿ, ಬಲಕ್ಕೆ 10 ಡಿಗ್ರಿ ತಿರುಗಿಸಬೇಕು. ಹಾಸ್ಟೆಲ್ಲಿನಲ್ಲಿ ಗೆಳೆಯ ಆಜ್ಞೆ ಕೊಡಲಿ. ನೀನು ಗಟ್ಟಿಯಾಗಿ ಮರುನುಡಿದು ಕೈಯಾಡಿಸು. ಮನಸ್ಸಿನಲ್ಲೇ ಓದಿಕೊಂಡರೆ ಸಾಲದು.

ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಎಸ್‌ಎಂಸಿಪಿ (ಹಡಗಿನ ಮಾತುಕತೆಗೆ ಗೊತ್ತುಮಾಡಿದ ಇಂಗ್ಲಿಷ್ ನುಡಿಗಟ್ಟು) ವಾಕ್ಯಗಳನ್ನೇ ಹಿಡಿದುಕೋ. 150 ಅನ್ನು ‘ವನ್ ಫೈವ್ ಜೀರೋ’ ಎಂದು ಬಿಡಿಸಿ ಹೇಳಬೇಕು. ಚುಕ್ಕಾಣಿಯ ಕೋನಕ್ಕೆ ಮಾತ್ರ 15 ಅಂದರೆ ‘ಫಿಫ್ಟೀನ್’. ಇಂಥ ವ್ಯತ್ಯಾಸ ಪುಟ ತಿರುವಿದರೆ ನಿಲ್ಲದು, ದಿನಾ ಬಾಯಲ್ಲಿ ಆಡಬೇಕು. ರೇಡಿಯೋ ಸಂದೇಶಕ್ಕೆ ಮುಂಚೆ ‘ವಾರ್ನಿಂಗ್’, ‘ಕ್ವೆಶ್ಚನ್’ ಎಂದು ಅದರ ಸ್ವರೂಪ ತಿಳಿಸುವ 8 ಗುರುತುಗಳಿವೆ. ಮೊದಲು ಅವನ್ನು ಕಲಿ.

ಕನ್ನಡ ಮಾಧ್ಯಮದ ಅಳುಕು ಬೇಡ. ನಾನೂ ಮೈಸೂರಿನ ಸರ್ಕಾರಿ ಶಾಲೆಯಿಂದಲೇ ಹಡಗು ಹತ್ತಿದವನು. ಹಡಗುಗಳಲ್ಲಿ ಸಿಗುವ ಫಿಲಿಪೀನ್ಸ್, ಚೀನಾ, ಉಕ್ರೇನಿನವರ ಇಂಗ್ಲಿಷ್ ಉಚ್ಚಾರ ಒಂದೊಂದು ಥರ. ಅದಕ್ಕೆ ಕಿವಿ ಪಳಗಲು ವಿಎಚ್‌ಎಫ್ (ಹಡಗಿನ ರೇಡಿಯೋ) ಸಂಭಾಷಣೆಯ ಧ್ವನಿಮುದ್ರಿಕೆ ಹಾಕಿ, ಕೇಳಿದ ಸ್ಥಾನ, ಕೋರ್ಸ್ (ಹಡಗು ಸಾಗುವ ದಿಕ್ಕು), ವೇಗವನ್ನು ಬರೆದುಕೊಂಡು ಸರಿಯೇ ಎಂದು ತಾಳೆ ನೋಡು.