ಡಿಗ್ರಿ ಮುಗಿಯಿತು; 5000 ಮೀಟರ್ ಓಡುತ್ತಿದ್ದವರು ಇನ್ನು ಯಾವ ಓಟ ಹಿಡಿಯಬೇಕು?

ಮನೆ ಶಿರಸಿ, ಈಗ ಕೆಲಸ ಕಾರವಾರದಲ್ಲಿ. ಯೂನಿವರ್ಸಿಟಿ ಕೂಟದಲ್ಲಿ 5000 ಮೀ. 16:30 (ನಿಮಿಷ:ಸೆಕೆಂಡ್), 10,000 ಮೀ. 35:40. ಸದ್ಯ ವಾರಕ್ಕೆ 40 ಕಿ.ಮೀ. ಓಟ. ಜೊತೆಯವರೆಲ್ಲ ಮ್ಯಾರಥಾನ್‌ಗೆ ಹೋಗು ಅಂತಿದ್ದಾರೆ, ಹೋಗಲೋ ಬೇಡವೋ, ಸ್ಪರ್ಧೆಯಲ್ಲಿ ಉಳಿಯುವುದು ಹೇಗೆ ಎಂದು ಕೇಳಿದ್ದೀರಿ.

ಮ್ಯಾರಥಾನ್ ಈಗಲೇ ಬೇಡ. ಇನ್ನೆರಡು ವರ್ಷ 5 ಮತ್ತು 10 ಕಿ.ಮೀ.ಯಲ್ಲೇ ಇರಿ, ಎರಡನೇ ವರ್ಷ ಒಂದು ಹಾಫ್ ಮ್ಯಾರಥಾನ್ (21 ಕಿ.ಮೀ.) ಸೇರಿಸಿಕೊಳ್ಳಿ. ಕಾರಣ ನೀವು ಬರೆದ ಆ ಎರಡು ಟೈಮಿಂಗ್‌ಗಳಲ್ಲೇ ಇದೆ.

ಪೀಟರ್ ರೀಗಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟ ಒಂದು ಲೆಕ್ಕವಿದೆ, ಓಟದವರು ಇವತ್ತಿಗೂ ಅದನ್ನೇ ಹಾಕುತ್ತಾರೆ. ಹೊಸ ದೂರವನ್ನು ಹಳೆಯ ದೂರದಿಂದ ಭಾಗಿಸಿ, ಅದರ 1.06ನೇ ಘಾತ ತೆಗೆದು ಹಳೆಯ ಸಮಯಕ್ಕೆ ಗುಣಿಸುವುದು. ದೂರ ದುಪ್ಪಟ್ಟಾದರೆ ಸಮಯ ಸುಮಾರು 2.085 ಪಟ್ಟು. ಅಂದರೆ 16:30 ಓಡುವವರು 10 ಕಿ.ಮೀ.ಯನ್ನು 34:24ಕ್ಕೆ ಮುಗಿಸಬೇಕು. ನಿಮ್ಮದು 35:40. ಒಂದೂಕಾಲು ನಿಮಿಷ ಎಲ್ಲೋ ಸೋರಿದೆ. ಅದು ವೇಗದ ಕೊರತೆ ಅಲ್ಲ, ದಮ್ಮಿನ ಕೊರತೆ. ದೂರ ಹೆಚ್ಚಿದಷ್ಟೂ ಆ ತೂತು ದೊಡ್ಡದಾಗುತ್ತದೆ. ಲೆಕ್ಕದ ಪ್ರಕಾರ ನಿಮ್ಮ ಮ್ಯಾರಥಾನ್ 2:38 (ಗಂಟೆ:ನಿಮಿಷ). ಆದರೆ ನಿಮ್ಮವೇ ಎರಡು ಟೈಮಿಂಗ್ ಇಟ್ಟು ನೋಡಿದರೆ ಘಾತ 1.06 ಅಲ್ಲ, 1.11. ಆಗ ಮ್ಯಾರಥಾನ್ 2:56ಕ್ಕೆ ಹೋಗುತ್ತದೆ. ವಾರಕ್ಕೆ 40 ಕಿ.ಮೀ. ಓಡುವ ಕಾಲಿಗೆ ಅದೂ ಸಿಗುವುದು ಅನುಮಾನ. 30 ಕಿ.ಮೀ. ದಾಟಿದ ಮೇಲೆ ಸ್ನಾಯುವಿನಲ್ಲಿ ದಾಸ್ತಾನಿದ್ದ ಸಕ್ಕರೆ (ಗ್ಲೈಕೋಜನ್) ಖಾಲಿಯಾಗಿ ಕಿಲೋಮೀಟರಿಗೆ ಒಂದು ನಿಮಿಷ ಕಳೆದುಕೊಳ್ಳುವವರು ಬಹಳ ಜನ. ಅದಕ್ಕೆ 16 ವಾರ ತಯಾರಿ, ಆಮೇಲೆ ಮೂರ್ನಾಲ್ಕು ವಾರ ಸುಧಾರಿಸಿಕೊಳ್ಳುವುದು. ಅಷ್ಟು ದಿನದಲ್ಲಿ ಎರಡು ಒಳ್ಳೆಯ 10 ಕಿ.ಮೀ. ಓಡಬಹುದು.

ಒಂದು ರಿಯಾಯಿತಿ ಕೊಡಬೇಕು. ಎರಡೂ ಓಟ ಒಂದೇ ಕೂಟದಲ್ಲಿ, ಹಿಂದೆಮುಂದೆ ದಿನಗಳಲ್ಲಿ ಓಡಿದ್ದಾದರೆ, ಎರಡನೆಯದು ಸುಸ್ತಾದ ಕಾಲಿನ ಟೈಮಿಂಗ್. ಆಗ ಸೋರಿಕೆ ಅರ್ಧಕ್ಕೆ ಇಳಿಯಬಹುದು, ತೂತೇ ಇಲ್ಲ ಎಂದಾಗುವುದಿಲ್ಲ.

ಟ್ರ್ಯಾಕ್‌ನಲ್ಲಿ ಇನ್ನೂ ಕೂತರೆ ವಯಸ್ಸು ಹೋಗುತ್ತದೆ ಎಂಬ ಭಯ ಬೇಡ. ನಮ್ಮ ದೇಶದ ಓಟಗಾರ ಶಿವನಾಥ್ ಸಿಂಗ್ 1974ರ ಟೆಹ್ರಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದದ್ದು 5000 ಮೀಟರಿನಲ್ಲಿ. ಜಲಂಧರ್‌ನಲ್ಲಿ ಮ್ಯಾರಥಾನ್ 2:12:00 ಓಡಿದ್ದು 1978ರಲ್ಲಿ. ನಲವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾವ ಭಾರತೀಯನೂ ಮುರಿಯಲಿಲ್ಲ. ಕೀನ್ಯಾದ ಎಲಿಯುಡ್ ಕಿಪ್ಚೋಗೆ 2003ರಲ್ಲಿ 5000 ಮೀಟರಿನ ವಿಶ್ವ ಚಾಂಪಿಯನ್, ಮೊದಲ ಮ್ಯಾರಥಾನ್ ಓಡಿದ್ದು 2013ರಲ್ಲಿ.

ಇನ್ನು ದಿನದಿನದ ವಿಷಯ. ಕಾಲೇಜಿನಲ್ಲಿ ಸರ್ ಸೀಟಿ ಊದುತ್ತಿದ್ದರು, ಕೂಟದ ದಿನಾಂಕ ಧಾರವಾಡದ ಯೂನಿವರ್ಸಿಟಿಯಿಂದ ಬರುತ್ತಿತ್ತು, ಜೊತೆಗೆ ಓಡಲು ನಾಲ್ಕು ಜನ ಇದ್ದರು. ಈಗ ಮೂರೂ ಇಲ್ಲ. ಹೆಚ್ಚಿನವರು ಇಲ್ಲಿ ಮಾಡುವ ತಪ್ಪೆಂದರೆ ಹಳೆಯ ಗಟ್ಟಿ ವರ್ಕೌಟ್‌ಗಳನ್ನು ಮಾತ್ರ ಉಳಿಸಿಕೊಂಡು ನಿಧಾನ ಓಟವನ್ನು ಬಿಟ್ಟುಬಿಡುವುದು. ಸಮಯ ಇಲ್ಲ, ಹಾಗಾಗಿ ಓಡುವ ದಿನವೆಲ್ಲ ಜೋರಾಗಿ ಓಡುತ್ತೇನೆ ಎಂಬ ಲೆಕ್ಕ. ಆರು ವಾರ ಚೆನ್ನಾಗಿಯೇ ಇರುತ್ತದೆ, ಏಳನೇ ವಾರ ಮೊಣಕಾಲಿನ ಕೆಳಗಿನ ಎಲುಬು ನೋಯುತ್ತದೆ.

ನಿಮಗೆ ಬೇಕಿರುವುದು 40 ಕಿ.ಮೀ.ಯನ್ನು ಐದಾರು ತಿಂಗಳಲ್ಲಿ 70–75ಕ್ಕೆ ಏರಿಸುವುದು. ವಾರಕ್ಕೆ ಸುಮಾರು ಎರಡು ಕಿ.ಮೀ. ಹೆಚ್ಚಿಸಿ, ಪ್ರತಿ ನಾಲ್ಕನೇ ವಾರ ಕಾಲುಭಾಗ ಇಳಿಸಿ. ಹೆಚ್ಚಿಸುವುದೆಲ್ಲ ನಿಧಾನ ಓಟದಲ್ಲೇ, ಅಂದರೆ ನಿಮಗೆ ಕಿಲೋಮೀಟರಿಗೆ 4:30ರಿಂದ 5:00. ಮಂಗಳವಾರ ಐದು ಸಲ 1000 ಮೀ., ಒಂದೊಂದು 3:18–3:20ಕ್ಕೆ, ನಡುವೆ ಎರಡೂವರೆ ನಿಮಿಷ ಜಾಗಿಂಗ್; ಒಂದು ವಾರ ಬಿಟ್ಟು ಒಂದು ವಾರ ಅದರ ಬದಲು ಹನ್ನೆರಡು ಸಲ 400 ಮೀ., 77–78 ಸೆಕೆಂಡಿಗೆ, ನಡುವೆ ಒಂದು ನಿಮಿಷ. ಗುರುವಾರ ಟೆಂಪೊ (ರೇಸ್‌ಗಿಂತ ತುಸು ನಿಧಾನ, ಒಂದೇ ಸಮನೆ ಜೋರು ಓಟ), 8 ನಿಮಿಷದ ಮೂರು ತುಂಡು, ಕಿಲೋಮೀಟರಿಗೆ ಸುಮಾರು 3:35ರ ಪೇಸ್‌ನಲ್ಲಿ, ಎರಡು ನಿಮಿಷ ಬಿಡುವು. ಭಾನುವಾರ 16ರಿಂದ ಶುರುಮಾಡಿ 20–22 ಕಿ.ಮೀ. ತನಕ. ಮೂರು ದಿನ ಬರೀ ನಿಧಾನ ಓಟ, ಅದರಲ್ಲಿ ಎರಡು ದಿನ ಕೊನೆಗೆ 80 ಮೀಟರಿನ ಆರು ಸ್ಟ್ರೈಡ್ (ಚುರುಕಾದ, ಸಡಿಲ ಓಟ). ಒಂದು ದಿನ ರಜೆ. ಸೋರಿಕೆ ಮುಚ್ಚುವುದು ಗುರುವಾರ ಮತ್ತು ಭಾನುವಾರ. ಸಮಯ ಸಾಲದಿದ್ದರೆ ಮಂಗಳವಾರದ್ದನ್ನು ಬಿಡಿ, ಅವೆರಡನ್ನು ಬಿಡಬೇಡಿ.

ಕಾರವಾರದಲ್ಲಿ ಟೆಂಪೊ ಕೆಡುವುದು ಸೆಕೆಯಿಂದ. ಬೆಳಗಿನ ಐದೂವರೆಗೂ ಗಾಳಿಯಲ್ಲಿ ಎಷ್ಟು ತೇವ ಇರುತ್ತದೆಂದರೆ ಬೆವರು ಆರುವುದೇ ಇಲ್ಲ, ತೊಟ್ಟಿಕ್ಕುತ್ತದೆ ಅಷ್ಟೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮೈ ತಣಿಸಲೆಂದು ರಕ್ತ ಚರ್ಮದ ಕಡೆಗೆ ಹೋಗುತ್ತದೆ, ಎದೆಬಡಿತ ಏರುತ್ತದೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಡಿಸೆಂಬರಿನ ಬೆಳಿಗ್ಗೆ ಅಲ್ಲಿ ಚಳಿ. ಅಲ್ಲಿ 3:35 ಸಲೀಸಾದರೆ ಅದೇ ಶ್ರಮಕ್ಕೆ ಕಾರವಾರದಲ್ಲಿ 3:45 ಬರುತ್ತದೆ. ವಾಚ್ ನೋಡಿಕೊಂಡು 3:35ಕ್ಕೆ ಎಳೆದರೆ ಅದು ಟೆಂಪೊ ಆಗಿ ಉಳಿಯದೆ ರೇಸ್ ಆಗುತ್ತದೆ, ಶನಿವಾರದ ತನಕ ಕಾಲು ಎಳೆಯುತ್ತದೆ. ಮೂರ್ನಾಲ್ಕು ಪದ ಒಟ್ಟಿಗೆ ಆಡಲು ಬಂದರೆ ಪೇಸ್ ಸರಿಯಿದೆ, ಅಷ್ಟೇ ಅಳತೆ ಸಾಕು. ಓಡುವ ಮುಂಚೆ ಮತ್ತು ಆಮೇಲೆ ತೂಕ ನೋಡಿಕೊಳ್ಳಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ನೀರು ಹೋಗಿದೆ ಎಂದರ್ಥ. ಬರೀ ನೀರು ಬೇಡ, ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಉಪ್ಪು-ಸಕ್ಕರೆ ಹಾಕಿದ ಮುರುಗಲ ಶರಬತ್ತು ಕುಡಿಯಿರಿ. ಅಂಗಡಿಯ ಪುಡಿಗಿಂತ ಅದೇನೂ ಕಡಿಮೆ ಇಲ್ಲ.

ಟ್ಯಾಗೋರ್ ಕಡಲತೀರದ ಮರಳು ಒಳ್ಳೆಯ ಜಾಗ, ಹೊತ್ತು ನೋಡಿ ಇಳಿದರೆ ಮಾತ್ರ. ಇಳಿತದ ವೇಳೆ ನೀರು ಹಿಂದೆ ಸರಿದಾಗ ಒದ್ದೆ ಮರಳಿನ ಒಂದು ಪಟ್ಟಿ ಗಟ್ಟಿಯಾಗಿ ಉಳಿಯುತ್ತದೆ. ಹಿಮ್ಮಡಿಯ ಗುರುತು ಅರ್ಧ ಬೆರಳಿಗಿಂತ ಕಡಿಮೆ ಇಳಿದರೆ ಓಡಬಹುದು. ಅದಕ್ಕಿಂತ ಹೆಚ್ಚು ಇಳಿದರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜಿನ ಮೇಲೆ ಭಾರ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ, ಹಾಗಾಗಿ ಈ ವಾರ ಬೆಳಿಗ್ಗೆ ಸಿಕ್ಕ ಪಟ್ಟಿ ಮುಂದಿನ ವಾರ ಅದೇ ಹೊತ್ತಿಗೆ ನೀರಿನಡಿ ಇರುತ್ತದೆ. ತೀರ ಸಮುದ್ರದ ಕಡೆಗೆ ವಾಲಿರುವುದರಿಂದ ಒಂದು ಕಾಲು ಸದಾ ಕೆಳಗೆ ಬೀಳುತ್ತದೆ. ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ತಿರುಗಿ ಬನ್ನಿ. ನಿಧಾನ ಓಟಕ್ಕೆ ಮಾತ್ರ ಮರಳು, ವಾರಕ್ಕೆ ಎರಡು ದಿನ. ಅಲ್ಲಿನ ಪೇಸ್ ಬರೆದಿಡಬೇಡಿ, ಅರ್ಥವಿಲ್ಲ. ಹೆದ್ದಾರಿಯ ಅಂಚಿಗೂ ಇದೇ ವಾಲು ಇದೆ, ಜೊತೆಗೆ ಲಾರಿ. ಕತ್ತಲಲ್ಲಿ 66ನೇ ಹೆದ್ದಾರಿಯಲ್ಲಿ ಓಡುವುದು ನನ್ನ ಪ್ರಕಾರ ಮೂರ್ಖತನ.

ಊರಿನ ಮೈದಾನದಲ್ಲಿ 400 ಓಡುವುದಾದರೆ ಮೊದಲು ಅಳೆಯಿರಿ. ಸೈಕಲ್ ಟೈರಿಗೆ ಸುಣ್ಣದ ಗುರುತು ಹಾಕಿ, ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಎಂದು ಟೇಪಿನಲ್ಲಿ ನೋಡಿ, ಒಳಗೆರೆಯಿಂದ ಒಂದು ಗೇಣು ಹೊರಗೆ ತಳ್ಳಿಕೊಂಡು ಎಣಿಸಿದರಾಯಿತು. 400 ಎಂದು ಎಲ್ಲರೂ ಹೇಳುವ ಮೈದಾನ 370 ಇರುವುದೂ ಉಂಟು. ಅಲ್ಲಿ 77 ಬಂತೆಂದು ಖುಷಿಪಟ್ಟರೆ ಕೂಟದಲ್ಲಿ ಗೊತ್ತಾಗುತ್ತದೆ.

ಮಳೆಗಾಲವನ್ನು ಬೈಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ರೇಸ್ ಕಡಿಮೆ, ಬಿಸಿಲೂ ಕಡಿಮೆ, ದೂರ ಕಟ್ಟಲು ಅದೇ ಹದ. ಎರಡು ಜೊತೆ ಶೂ ಬೇಕು. ಇನ್‌ಸೋಲ್ ತೆಗೆದು ಒಳಗೆ ಪೇಪರ್ ತುರುಕಿ, ಎರಡು ತಾಸಿಗೊಮ್ಮೆ ಪೇಪರ್ ಬದಲಿಸಿ. ಒಲೆಯ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಶಿರಸಿಗೆ ಹೋದಾಗ ತೋಟದ ದಾರಿಯಲ್ಲಿ ಉಂಬಳ ಹತ್ತದಂತೆ ಉದ್ದ ಸಾಕ್ಸ್ ಹಾಕಿ, ಡಾಂಬರಿನ ಮೇಲೇ ಓಡಿ. ದೇವಿಮನೆ ಘಟ್ಟದಂಥ ಕಡೆ ಏರು ಓಡಿ, ಇಳಿಯುವಾಗ ನಡೆಯಿರಿ ಅಥವಾ ಬಸ್ ಹತ್ತಿ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತದೆ, ಆ ನೋವು ಎರಡನೇ ದಿನ ಗೊತ್ತಾಗುತ್ತದೆ.

ಓಟಗಳ ಆಯ್ಕೆಗೆ ಬರೋಣ. ವರ್ಷಕ್ಕೆ ಮನಸ್ಸಿಟ್ಟು ಓಡುವುದು ಮೂರು ಅಥವಾ ನಾಲ್ಕು, ಅದಕ್ಕಿಂತ ಹೆಚ್ಚು ಬೇಡ. ಮಳೆ ಮುಗಿಯುವ ಹೊತ್ತಿಗೆ ದಸರಾ ಕ್ರೀಡಾಕೂಟ: ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ಮೈಸೂರಿನ ತನಕ, ನಮ್ಮದು ಬೆಳಗಾವಿ ವಿಭಾಗ. ಕಾಲೇಜು ಬಿಟ್ಟವರಿಗೆ ಊರಲ್ಲೇ ಸಿಗುವ ಟ್ರ್ಯಾಕ್ ರೇಸ್ ಇದು, ಬಿಡಬೇಡಿ. ಕೆಲಸ ರಾಜ್ಯ ಸರ್ಕಾರದ್ದಾದರೆ ನೌಕರರ ಕ್ರೀಡಾಕೂಟವೂ ಇದೆ. ರಾಜ್ಯ ಮಟ್ಟದ ಓಪನ್ ಕೂಟಕ್ಕೆ ಜಿಲ್ಲಾ ಅಥ್ಲೆಟಿಕ್ ಸಂಸ್ಥೆಯ ಮೂಲಕ ಎಂಟ್ರಿ ಹೋಗಬೇಕು. ಅಥ್ಲೆಟಿಕ್ಸ್ ಫೆಡರೇಶನ್‌ನ ಯುಐಡಿ (ಓಟಗಾರರ ಗುರುತಿನ ಸಂಖ್ಯೆ) ಮಾಡಿಸಿಡಿ, ಕೊನೆಯ ದಿನ ಕೂತರೆ ಆಗುವುದಿಲ್ಲ. 23ರ ಒಳಗಿನವರಿಗೆ ಬೇರೆ ವಿಭಾಗವೇ ಇದೆ, ವಯಸ್ಸಿದ್ದರೆ ಅದನ್ನು ಮೊದಲು ಹಿಡಿಯಿರಿ. ಓಪನ್‌ನಲ್ಲಿ 15 ನಿಮಿಷದ ಆಸುಪಾಸಿನವರ ಜೊತೆ ನಿಲ್ಲಬೇಕಾಗುತ್ತದೆ, ಒಂದು ಲ್ಯಾಪ್ ಹಿಂದೆ ಬೀಳುವ ಮನಸ್ಸು ಮಾಡಿಕೊಂಡೇ ಹೋಗಿ. ಅವರ ಹಿಂದೆ ಎಳೆಸಿಕೊಂಡಾಗಲೇ 16:10 ಬರುವುದು.

ರಸ್ತೆ ಓಟದಲ್ಲಿ ಗುರಿಯಾಗಿ ಇಟ್ಟುಕೊಳ್ಳಬಹುದಾದದ್ದು ಏಪ್ರಿಲ್ ಕೊನೆಯ ಬೆಂಗಳೂರಿನ ವರ್ಲ್ಡ್ 10ಕೆ. ಅಳತೆ ಪಕ್ಕಾ, ಪೈಪೋಟಿ ಪಕ್ಕಾ. ಬೆಂಗಳೂರು 900 ಮೀಟರ್ ಎತ್ತರದಲ್ಲಿದ್ದರೂ ಕಾರವಾರದ ಸೆಕೆಯಿಂದ ಹೋದವರಿಗೆ ಬೆಳಗಿನ ಗಾಳಿ ಹಿತವೆನಿಸುತ್ತದೆ. ಅದೇ ಮೋಸ: ಮೊದಲ ಎರಡು ಕಿ.ಮೀ. 3:15ಕ್ಕೆ ಹೋಗಿ ಏಳನೆಯದರಲ್ಲಿ ಸಿಕ್ಕಿಬೀಳುತ್ತಾರೆ. 3:28ಕ್ಕೆ ಶುರುಮಾಡಿ. ಎರಡನೇ ವರ್ಷದ ಹಾಫ್‌ಗೆ ಜನವರಿಯ ಮುಂಬೈ ಸರಿ, ಸಮುದ್ರಮಟ್ಟ, ನಮ್ಮದೇ ಥರದ ಗಾಳಿ. ಪೆಡ್ಡರ್ ರೋಡಿನ ಏರೊಂದನ್ನು ನೆನಪಿಡಿ. ಹತ್ತಿರದ್ದು ಬೇಕೆಂದರೆ ಡಿಸೆಂಬರಿನಲ್ಲಿ ವಾಸ್ಕೋ ಕಡೆಯ ಗೋವಾ ರಿವರ್ ಮ್ಯಾರಥಾನ್‌ನ ಚಿಕ್ಕ ದೂರಗಳಿವೆ. ಬೆಂಗಳೂರಿಗೆ ಪಂಚಗಂಗಾ ರೈಲು ಹಿಡಿಯುವವರು ಶನಿವಾರ ರಾತ್ರಿಯದ್ದಕ್ಕೆ ಹತ್ತಬೇಡಿ, ಶುಕ್ರವಾರದ್ದಕ್ಕೆ ಹತ್ತಿ. ಬಿಬ್ (ಎದೆಗೆ ಹಚ್ಚುವ ನಂಬರ್) ಕೊಡುವುದು ಹಿಂದಿನ ದಿನಗಳಲ್ಲಿ, ಓಟದ ಬೆಳಿಗ್ಗೆ ಅಲ್ಲ. ಬಹುಮಾನ ಹೆಚ್ಚಾಗಿ ಗನ್ ಟೈಮ್ (ಗುಂಡು ಹಾರಿದಲ್ಲಿಂದ ಎಣಿಸಿದ ಸಮಯ) ಮೇಲೆ ಕೊಡುತ್ತಾರೆ, ಚಿಪ್ ಟೈಮ್ (ನೀವು ಗೆರೆ ದಾಟಿದಲ್ಲಿಂದ ಎಣಿಸಿದ್ದು) ಮೇಲೆ ಅಲ್ಲ. ನೋಂದಣಿಯಲ್ಲಿ ಹಳೆಯ ಟೈಮಿಂಗ್ ಸರ್ಟಿಫಿಕೇಟ್ ಹಾಕಿ ಮುಂದಿನ ಸಾಲಿನ ಜಾಗ ಪಡೆಯಿರಿ.

ಜಾತ್ರೆ, ಯುವಕ ಸಂಘದ ವಾರ್ಷಿಕೋತ್ಸವ ಎಂದು ನಡೆಯುವ ನಗದು ಬಹುಮಾನದ ಓಟಗಳಿಗೆ ಹೋಗಬೇಡಿ ಎನ್ನುವುದಿಲ್ಲ. ಗುರುವಾರದ ಟೆಂಪೊ ಬದಲು ಓಡಿ, ತಿಂಗಳಿಗೆ ಒಂದು. ಆದರೆ ಬೈಕಿನ ಮೀಟರಿನಲ್ಲಿ ಅಳೆದ 10 ಕಿ.ಮೀ.ಯನ್ನು ದಾಖಲೆ ಎಂದು ಬರೆದುಕೊಳ್ಳಬೇಡಿ. ಪ್ರಮಾಣಿತ ಕೋರ್ಸನ್ನು ಸೈಕಲ್ ಚಕ್ರಕ್ಕೆ ಕೌಂಟರ್ ಕಟ್ಟಿ, ತಿರುವುಗಳಲ್ಲಿ ಅತಿ ಹತ್ತಿರದ ದಾರಿ ಹಿಡಿದು ಅಳೆಯುತ್ತಾರೆ. ಮೇಲೆ ಸಾವಿರಕ್ಕೆ ಒಂದು ಮೀಟರ್ ಸೇರಿಸುತ್ತಾರೆ, ಕಡಿಮೆ ಬೀಳಬಾರದೆಂದು. ಕೈಯ ಜಿಪಿಎಸ್‌ನಲ್ಲಿ 10.1 ಬಂದರೆ ಕೋರ್ಸ್ ತಪ್ಪಲ್ಲ, ನೀವು ತಿರುವನ್ನು ಅಗಲವಾಗಿ ತಿರುಗಿದ್ದೀರಿ.

ಶೂ ಬಗ್ಗೆ ಒಂದು ಮಾತು. ದಪ್ಪ ಸೋಲಿನ ಕಾರ್ಬನ್ ಪ್ಲೇಟ್ ಶೂ ಕೊಂಡರೆ ಅದು ರಸ್ತೆಗೆ ಮಾತ್ರ. ರಸ್ತೆಯಲ್ಲಿ ಸೋಲು 40 ಮಿ.ಮೀ. ತನಕ ಇರಬಹುದು, ಟ್ರ್ಯಾಕ್‌ನಲ್ಲಿ 2024ರ ನವೆಂಬರ್‌ನಿಂದ 20 ಮಿ.ಮೀ. ಮಿತಿ. ನಿಮ್ಮ ಹಳೆಯ ಸ್ಪೈಕ್ ಎಸೆಯಬೇಡಿ, ಮಣ್ಣಿಗೆ 9 ಮಿ.ಮೀ., ಸಿಂಥೆಟಿಕ್‌ಗೆ 6 ಮಿ.ಮೀ. ಮೊಳೆ ಇಟ್ಟುಕೊಂಡರೆ ಸಾಕು.

ದೂರ ಹೆಚ್ಚಿಸಿದ ಎರಡು-ಮೂರು ತಿಂಗಳಲ್ಲಿ ನಿಧಾನ ಓಟವೇ ಭಾರವೆನಿಸಿದರೆ ಇನ್ನಷ್ಟು ಓಡಿ ಸರಿಮಾಡಲು ಹೋಗಬೇಡಿ, ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಸರಿಯಿದ್ದೂ ಕಬ್ಬಿಣದ ದಾಸ್ತಾನು ತಳ ಮುಟ್ಟಿರಬಹುದು. ಸಸ್ಯಾಹಾರಿಗಳಲ್ಲಿ, ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಊಟದ ಜೊತೆ ಚಾ ಕುಡಿಯುವುದನ್ನು ಒಂದು ತಾಸು ಮುಂದೆ ಹಾಕಿ, ಚಹಾದ ಟ್ಯಾನಿನ್ ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಊಟಕ್ಕೆ ಲಿಂಬೆ ಹಿಂಡಿಕೊಳ್ಳಿ. ಮಾತ್ರೆ ಮಾತ್ರ ಡಾಕ್ಟರ್ ಹೇಳದೆ ಬೇಡ.

ಆ 35:40ರ ಲ್ಯಾಪ್ ಟೈಮ್ ಯಾರಾದರೂ ಬರೆದಿಟ್ಟಿದ್ದರೆ ಕಳಿಸಿ. ಸರಾಸರಿ ಲ್ಯಾಪಿಗೆ 85–86 ಸೆಕೆಂಡ್ ಆಯಿತು. ಮೊದಲ ನಾಲ್ಕು ಲ್ಯಾಪ್ 79ರಲ್ಲಿ ಹೋಗಿದ್ದರೆ ಅರ್ಧ ತಪ್ಪು ಪೇಸಿಂಗ್‌ನದು, ಮೇಲೆ ಹೇಳಿದ ದೂರವನ್ನು ಅಷ್ಟು ಅವಸರದಲ್ಲಿ ಏರಿಸಬೇಕಿಲ್ಲ. ಸಮನಾಗಿ ಓಡಿ 16ನೇ ಲ್ಯಾಪ್ ನಂತರ 89–90ಕ್ಕೆ ಇಳಿದಿದ್ದರೆ ಭಾನುವಾರದ ಓಟದಿಂದಲೇ ಶುರುಮಾಡಿ.